ಸುದ್ದಿಯಾಗದ ನೋವಿಗೂ ದಾನದಲ್ಲಿ ಪಾಲಿರಲಿ

2014ರ ಆಗಸ್ಟ್ ತಿಂಗಳಲ್ಲಿ ಲೋಕದ ಅರ್ಧ ಭಾಗ ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಳ್ಳುತ್ತಿತ್ತು. ಎ.ಎಲ್.ಎಸ್. ಎಂಬ ನರರೋಗದ ಸಂಶೋಧನೆಗೆ ಹಣ ಕೂಡಿಸಲು ಅಮೆರಿಕದಲ್ಲಿ ಹಬ್ಬಿದ ಆ ಸವಾಲು ಭಾರತದ ನಟರನ್ನೂ ಉದ್ಯಮಿಗಳನ್ನೂ ಮುಟ್ಟಿತ್ತು. ಆಗ ಹೈದರಾಬಾದಿನಲ್ಲಿ ಅಕ್ಕಿ ಮಾರುಕಟ್ಟೆಯ ವರದಿ ಬರೆಯುತ್ತಿದ್ದ ಪತ್ರಕರ್ತೆ ಮಂಜುಲತಾ ಕಲಾನಿಧಿ ಬೇರೊಂದು ದಾರಿ ತೋರಿದರು. ನೀರು ಚೆಲ್ಲುವ ಬದಲು ಒಂದು ಬಕೆಟ್ ಅಕ್ಕಿಯನ್ನು ಹತ್ತಿರದ ಬಡವರಿಗೆ ಕೊಡಿ, ಅದರ ಚಿತ್ರವನ್ನು ಹಂಚಿಕೊಂಡು ಇನ್ನೊಬ್ಬರನ್ನು ಪ್ರೇರೇಪಿಸಿ ಎಂಬುದು ಅವರ ಕರೆ. ‘ರೈಸ್ ಬಕೆಟ್ ಚಾಲೆಂಜ್’ ಕೆಲವೇ ದಿನಗಳಲ್ಲಿ ದೇಶದ ಗಡಿ ದಾಟಿತು.

ಆ ಕರೆಯಲ್ಲಿ ವಿವೇಕವಿತ್ತು. ದೂರದ ಫ್ಯಾಷನ್ನನ್ನು ಅನುಕರಿಸುವ ಬದಲು ಅದು ಪಕ್ಕದ ಮನೆಯ ಹಸಿವಿನತ್ತ ಬೆರಳು ತೋರಿತು. ಆದರೆ ಒಂದು ಬಕೆಟ್ ಅಕ್ಕಿ ಒಂದು ಕುಟುಂಬಕ್ಕೆ ಕೆಲವು ದಿನ ಬಂದೀತು. ಹಸಿವು ಮರುವಾರ ಮತ್ತೆ ಬಾಗಿಲು ತಟ್ಟುತ್ತದೆ. ಅದೇ 2014ರಲ್ಲಿ ಹೈದರಾಬಾದ್ ಮಹಾನಗರ ಪಾಲಿಕೆ 5 ರೂಪಾಯಿಗೆ ಮಧ್ಯಾಹ್ನದ ಊಟ ನೀಡುವ ಯೋಜನೆಯನ್ನು ಆರಂಭಿಸಿತ್ತು. ಅದಕ್ಕೆ ಯಾರೂ ಸವಾಲು ಹಾಕಲಿಲ್ಲ, ಯಾರೂ ಚಿತ್ರ ತೆಗೆದು ಹಂಚಲಿಲ್ಲ. ಬಕೆಟ್ಟಿನ ಸಡಗರ ಆ ವರ್ಷವೇ ತಣ್ಣಗಾಯಿತು. ಐದು ರೂಪಾಯಿಯ ಊಟ ಸರ್ಕಾರಗಳು ಬದಲಾದರೂ ಉಳಿಯಿತು. ಕೂಲಿಕಾರರೂ, ಆಸ್ಪತ್ರೆಯ ಹೊರಗೆ ಕಾಯುವ ರೋಗಿಗಳ ಬಂಧುಗಳೂ, ಪರೀಕ್ಷೆಗೆ ಓದುವ ಹಳ್ಳಿಯ ಹುಡುಗರೂ ಆ ಸಾಲಿನಲ್ಲಿ ನಿಲ್ಲುತ್ತಾರೆ.

ಇಲ್ಲಿ ದೂರಬೇಕಾದದ್ದು ಜನಪ್ರಿಯತೆಯನ್ನಲ್ಲ. ಮಂಜುಗಡ್ಡೆಯ ಸವಾಲಿನಿಂದ ಅಮೆರಿಕದ ಎ.ಎಲ್.ಎಸ್. ಸಂಘಕ್ಕೆ ಸುಮಾರು 11.5 ಕೋಟಿ ಡಾಲರ್ ಸಂದಿತು. ಆ ಹಣದ ನೆರವು ಪಡೆದ ಸಂಶೋಧನೆ 2016ರಲ್ಲಿ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಎಂಬ ಜೀನನ್ನು ಗುರುತಿಸಿತು. ಒಂದು ತಿಂಗಳ ಉತ್ಸಾಹವನ್ನು ಹಲವು ವರ್ಷಗಳ ನಿಧಾನದ ಕೆಲಸವಾಗಿ ಪರಿವರ್ತಿಸುವ ಸಂಸ್ಥೆಯೊಂದು ಅಲ್ಲಿ ಸಿದ್ಧವಾಗಿತ್ತು. ದೋಷವಿರುವುದು ಉತ್ಸಾಹವೇ ದಾನದ ಏಕೈಕ ಮಾರ್ಗದರ್ಶಿಯಾದಾಗ.

2021ರಲ್ಲಿ ಇದೇ ನಗರದ ಮಗುವೊಂದಕ್ಕೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಅಪರೂಪದ ಕಾಯಿಲೆ ಇತ್ತು. ಒಂದೇ ಸಲ ಕೊಡುವ ಆಮದು ಔಷಧದ ಬೆಲೆ ಸುಮಾರು 16 ಕೋಟಿ ರೂಪಾಯಿ. ಅರವತ್ತು ಸಾವಿರಕ್ಕೂ ಹೆಚ್ಚು ಜನ ತಮ್ಮ ಕೈಲಾದಷ್ಟು ಕೊಟ್ಟರು, ಮಗುವಿಗೆ ಔಷಧ ದೊರೆಯಿತು. ಆ ತಂದೆತಾಯಿಯ ಹೋರಾಟವನ್ನಾಗಲಿ, ಕೊಟ್ಟವರ ಮನಸ್ಸನ್ನಾಗಲಿ ಯಾರೂ ಹಳಿಯುವಂತಿಲ್ಲ. ಉಳಿದ ಒಂದು ಜೀವಕ್ಕೆ ಲೆಕ್ಕ ಕಟ್ಟುವ ಅಧಿಕಾರ ಯಾವ ಲೆಕ್ಕಿಗನಿಗೂ ಇಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಕಾಯಿಲೆಯ ಇತರ ಮಕ್ಕಳಲ್ಲಿ ಯಾರಿಗೆ ಹಣ ಕೂಡುತ್ತದೆ? ತಂದೆಗೆ ಇಂಗ್ಲಿಷ್ ಬಂದರೆ, ಕಚೇರಿಯ ಸಹೋದ್ಯೋಗಿಗಳು ಮನವಿಯನ್ನು ಹರಡಿದರೆ, ಮಗುವಿನ ನಗು ಪರದೆಯ ಮೇಲೆ ಚೆನ್ನಾಗಿ ಕಂಡರೆ, ಪ್ರಸಿದ್ಧರೊಬ್ಬರು ಒಂದು ಮಾತು ಬರೆದರೆ ಕೂಡುತ್ತದೆ. ನಾರಾಯಣಪೇಟೆಯ ಹಳ್ಳಿಯಲ್ಲಿ ಕನ್ನಡವೋ ತೆಲುಗೋ ಮಾತ್ರ ಬಲ್ಲ ಕೂಲಿಕಾರನ ಮಗುವಿಗೆ ಇವುಗಳಲ್ಲಿ ಒಂದೂ ಇಲ್ಲ. ರೋಗ ಒಂದೇ, ವಯಸ್ಸು ಒಂದೇ. ಜೀವ ಉಳಿಯುವುದು ಮಾತ್ರ ವೀಡಿಯೊದ ಗುಣಮಟ್ಟವನ್ನು ಅವಲಂಬಿಸುತ್ತದೆ. ಇದನ್ನು ಕರುಣೆ ಎನ್ನುವುದಕ್ಕಿಂತ ಲಾಟರಿ ಎನ್ನುವುದು ಸರಿ.

ಈ ಕಥೆಯ ಮುಂದಿನ ಭಾಗವೂ ಹೈದರಾಬಾದಿನದೇ. ಅದೇ ಕಾಯಿಲೆಗೆ ನಿತ್ಯ ಸೇವಿಸಬೇಕಾದ ರಿಸ್ಡಿಪ್ಲಾಮ್ ಎಂಬ ಇನ್ನೊಂದು ಔಷಧವಿದೆ. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯದಾದ ಅದರ ಒಂದು ಬಾಟಲಿಯ ಬೆಲೆ ಸುಮಾರು 6 ಲಕ್ಷ ರೂಪಾಯಿಯಷ್ಟಿತ್ತು. ಹೈದರಾಬಾದಿನ ನ್ಯಾಟ್ಕೋ ಫಾರ್ಮಾ ಪೇಟೆಂಟ್ ವ್ಯಾಜ್ಯವನ್ನು ಎದುರಿಸಿತು. ರೋಗಪೀಡಿತರೂ ನ್ಯಾಯಾಲಯದ ಮೆಟ್ಟಿಲೇರಿದರು. 2025ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಮಾರಾಟಕ್ಕೆ ತಡೆ ನೀಡಲು ನಿರಾಕರಿಸಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲಿಲ್ಲ. ದೇಶೀ ಔಷಧ 15,900 ರೂಪಾಯಿಗೆ ಮಾರುಕಟ್ಟೆಗೆ ಬಂತು. ಇದು ಜೀವನಪರ್ಯಂತ ಬೇಕಾಗುವ ಔಷಧವಾದ್ದರಿಂದ ಬಡವನಿಗೆ ಈ ಬೆಲೆಯೂ ಭಾರವೇ. ಆದರೆ ಈ ಇಳಿಕೆಯ ಫಲ ಒಂದು ಮುಖಕ್ಕಲ್ಲ, ಮುಖವೇ ಕಾಣದ ಎಲ್ಲ ರೋಗಿಗಳಿಗೂ ಸಲ್ಲುತ್ತದೆ. ವಕೀಲರ ಕಡತ, ರೋಗಿಗಳ ಸಂಘಗಳ ಅರ್ಜಿ, ವರ್ಷಗಟ್ಟಲೆ ಮುಂದೂಡಿಕೆಯಾಗುವ ವಿಚಾರಣೆ, ಇವು ಯಾವುವೂ ಮೊಬೈಲಿನಲ್ಲಿ ಹರಿದಾಡುವ ವಸ್ತುಗಳಲ್ಲ. ದಾನಿಯ ಕೈ ಅವುಗಳತ್ತ ಚಾಚುವುದೂ ವಿರಳ.

ಜೈನ ಸಮಾಜವೂ ಈ ದೌರ್ಬಲ್ಯದಿಂದ ಹೊರತಲ್ಲ. 2014ರ ಸೆಪ್ಟೆಂಬರ್ 6ರಂದು ಅಖಿಲ ಭಾರತೀಯ ತೇರಾಪಂಥ ಯುವಕ ಪರಿಷತ್ತು ದೇಶಾದ್ಯಂತ ಒಂದೇ ದಿನ ಒಂದು ಲಕ್ಷಕ್ಕೂ ಹೆಚ್ಚು ಯುನಿಟ್ ರಕ್ತ ಸಂಗ್ರಹಿಸಿ ಗಿನ್ನೆಸ್ ದಾಖಲೆ ಬರೆಯಿತು. ಅಷ್ಟು ಯುವಕರು ತೋಳು ಚಾಚಿದ್ದು ಹೆಮ್ಮೆಯ ವಿಷಯ. ಆದರೆ ಸಂಗ್ರಹಿಸಿದ ಕೆಂಪು ರಕ್ತಕಣಗಳ ಆಯಸ್ಸು ಹೆಚ್ಚೆಂದರೆ 42 ದಿನ. ಹೈದರಾಬಾದಿನಲ್ಲಿ 1998ರಿಂದ ಕೆಲಸ ಮಾಡುತ್ತಿರುವ ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಸೊಸೈಟಿಗೆ ಬರುವ ಮಕ್ಕಳಂಥವರಿಗೆ ಎರಡು-ಮೂರು ವಾರಕ್ಕೊಮ್ಮೆ ರಕ್ತ ಬೇಕು, ವರ್ಷವಿಡೀ ಬೇಕು. ದಾಖಲೆಯ ದಿನ ಬೇಕು, ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಕಾಲೇಜುಗಳಿಗೆ ರಜೆ ಬಂದು ಶಿಬಿರಗಳು ನಿಂತಾಗಲೂ ಬೇಕು. ಒಂದು ಲಕ್ಷ ಜನ ಒಂದು ದಿನ ಕೊಡುವುದರಿಂದ ದಾಖಲೆಯಾಗುತ್ತದೆ. ನೂರು ಜನ ಸರದಿಯ ಪ್ರಕಾರ ಮೂರು-ನಾಲ್ಕು ತಿಂಗಳಿಗೊಮ್ಮೆ ಕೊಡುತ್ತಿದ್ದರೆ ಕೆಲವು ಮಕ್ಕಳು ಬೆಳೆದು ಶಾಲೆಗೆ ಹೋಗುತ್ತಾರೆ.

ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ತನ್ನ ಏಳನೆಯ ಅಧ್ಯಾಯದಲ್ಲಿ ದಾನದ ವಿಶೇಷವನ್ನು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ನಿರ್ಣಯಿಸುತ್ತದೆ. ಇಂದಿನ ಅಭಿಯಾನಗಳಲ್ಲಿ ದಾತೃ ಚಿತ್ರದ ನಡುವೆ ನಿಲ್ಲುತ್ತಾನೆ, ದ್ರವ್ಯ ಅವನ ಕೈಯಲ್ಲಿ ಹೊಳೆಯುತ್ತದೆ. ಯಾರಿಗೆ, ಹೇಗೆ, ಎಷ್ಟು ಕಾಲ ಎಂಬ ಪಾತ್ರ ಮತ್ತು ವಿಧಿಗಳ ವಿಚಾರ ಚೌಕಟ್ಟಿನ ಆಚೆ ಉಳಿಯುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಚಿತ್ರಕ್ಕೆ ಒಗ್ಗುವುದು ಮೊದಲೆರಡು ಮಾತ್ರ. ಬಡ ಹುಡುಗಿಯ ಮೂರು ವರ್ಷದ ಕಾಲೇಜು ಶುಲ್ಕವನ್ನಾಗಲಿ, ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಣ್ಣಿಗೆ ಕೊಟ್ಟ ಆಶ್ರಯವನ್ನಾಗಲಿ ಚಿತ್ರ ತೆಗೆದು ತೋರಿಸಲಾಗದು. ತೋರಿಸಿದರೆ ಅಭಯದಾನದ ಅರ್ಥವೇ ಕೆಡುತ್ತದೆ.

ವ್ಯಾಪಾರದಲ್ಲಿ ಪ್ರತಿ ರೂಪಾಯಿಗೂ ಖಾತೆ ಬರೆಯುವ ಸಮಾಜ ದಾನಕ್ಕೂ ಒಂದು ಖಾತೆ ತೆರೆಯಬೇಕು. ಏಪ್ರಿಲ್ ಒಂದರಂದೇ ವರ್ಷದ ದಾನದ ಮೊತ್ತವನ್ನು ನಿಗದಿ ಮಾಡುವುದು ಅದರ ಮೊದಲ ಸಾಲು. ಅದರಲ್ಲಿ ದೊಡ್ಡ ಪಾಲು ಪ್ರತಿ ತಿಂಗಳು ಮರಳಿ ಬರುವ ಅಗತ್ಯಕ್ಕೆ ತಾನಾಗಿಯೇ ಬ್ಯಾಂಕಿನಿಂದ ಹೋಗಲಿ. ಸಂಸ್ಥೆಯ ಲೆಕ್ಕಪರಿಶೋಧಿತ ವರದಿಯನ್ನು ವರ್ಷಕ್ಕೊಮ್ಮೆ ಕೇಳಿ ಓದಲಿ. ಹೂವಿನ ಹಾರದ ಫೋಟೊವನ್ನು ಕೇಳುವುದು ಬೇಡ. ತೆರಿಗೆ ರಿಯಾಯಿತಿಯ ವಿಷಯದಲ್ಲೂ ಭ್ರಮೆ ಬೇಡ. 1961ರ ಕಾಯಿದೆಯ 80ಜಿ ವಿಧಿಯ ಲಾಭ ವ್ಯಕ್ತಿಯೊಬ್ಬರ ಖಾತೆಗೆ ನೇರವಾಗಿ ಕಳಿಸಿದ ಹಣಕ್ಕಾಗಲಿ, ಕೊಟ್ಟ ಅಕ್ಕಿ-ಕಂಬಳಿಗಾಗಲಿ, ಎರಡು ಸಾವಿರ ರೂಪಾಯಿ ಮೀರಿದ ನಗದಿಗಾಗಲಿ ದೊರೆಯುತ್ತಿರಲಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಂತೂ ಅದು ಇಲ್ಲವೇ ಇಲ್ಲ. ರಿಯಾಯಿತಿ ಸಿಗದಿದ್ದರೂ ಕೊಡಬೇಕೆನಿಸಿದರೆ ಅದು ದಾನ.

ಮನ ಕಲಕುವ ಮನವಿ ಬಂದಾಗ ಕೊಡಬಾರದೆಂದು ಯಾರೂ ಹೇಳುವುದಿಲ್ಲ. ಕೊಡುವಾಗ ಒಂದು ನಿಯಮ ಸಾಕು: ಸುದ್ದಿಯಾದ ನೋವಿಗೆ ಎಷ್ಟು ಕೊಟ್ಟರೋ ಅಷ್ಟೇ ಮೊತ್ತವನ್ನು ಅದೇ ದಿನ ಸುದ್ದಿಯಾಗದ ನೋವಿಗೂ ತೆಗೆದಿಡಬೇಕು. ಒಂದು ಮಗುವಿಗೆ ಸಾವಿರ ಕಳಿಸಿದವರು ಥಲಸ್ಸೇಮಿಯಾ ಪೀಡಿತರ ಸಂಸ್ಥೆಗೋ, ಹಳ್ಳಿಯ ಶಾಲೆಗೋ, ರೋಗಿಗಳ ಪರವಾಗಿ ಹೋರಾಡುವ ಸಂಘಕ್ಕೋ ಇನ್ನೊಂದು ಸಾವಿರ ಕಳಿಸಲಿ. ಎರಡೂ ಕೂಡಿ ಕೈಮೀರುವುದಾದರೆ ಐನೂರು-ಐನೂರು ಆಗಲಿ. ನಾರಾಯಣಪೇಟೆಯ ಆ ಕೂಲಿಕಾರನಿಗೆ ವೀಡಿಯೊ ಮಾಡಲು ಬಾರದು. ಅವನ ಮಗುವಿನ ಪಾಲು ತಪ್ಪಲು ಅದೊಂದು ಕಾರಣವಾಗಬಾರದು.