ಅನುಮತಿ ಆಳಿಗಲ್ಲ, ಕೆಲಸಕ್ಕೆ

ಆಫೀಸಿಗೆ ಹೊಸಬರು ಸೇರಿದ ದಿನ ಐಟಿಯವರಿಗೆ ಒಂದು ಮೇಲ್ ಬರುತ್ತೆ: ‘ಪಕ್ಕದ ಸೀಟಿನವರಿಗೆ ಏನೇನಿದೆಯೋ ಎಲ್ಲಾ ಇವರಿಗೂ ಕೊಡಿ.’ ಕೇಳೋಕೆ ಸರಳ. ಆದರೆ ಆ ಪಕ್ಕದ ಸೀಟಿನವರು ಮೊದಲು ಅಕೌಂಟ್ಸ್, ಆಮೇಲೆ ಖರೀದಿ ವಿಭಾಗ ದಾಟಿ ಬಂದವರು. ಹಳೆಯ ಅನುಮತಿಗಳನ್ನು ಯಾರೂ ತೆಗೆದಿರಲ್ಲ. ಹಾಗಾಗಿ ನಿನ್ನೆ ಬಂದವರಿಗೂ ಬಿಲ್ ಹಾಕುವ, ಅದೇ ಬಿಲ್ ಪಾಸ್ ಮಾಡುವ ಎರಡೂ ಅಧಿಕಾರ ಸಿಕ್ಕಿಬಿಡುತ್ತೆ.

ಇದಕ್ಕೆ ಮದ್ದು ಗುಂಪು. ಅನುಮತಿಯನ್ನು ಕೆಲಸಕ್ಕೆ ಕೊಡಿ, ಆಮೇಲೆ ಆಳನ್ನು ಆ ಕೆಲಸದ ಗುಂಪಿಗೆ ಸೇರಿಸಿ. 1992ರಲ್ಲಿ ಅಮೆರಿಕದ ಡೇವಿಡ್ ಫೆರಾಯೊಲೊ, ರಿಚರ್ಡ್ ಕುನ್ ಈ ಬಗ್ಗೆ ಪ್ರಬಂಧ ಮಂಡಿಸಿದರು. 2004ರಲ್ಲಿ ಇದು ಅಲ್ಲಿನ ಅಧಿಕೃತ ಮಾನದಂಡವೂ ಆಯ್ತು.

ಚಳ್ಳಕೆರೆ ತಾಲ್ಲೂಕಿನ ನಮ್ಮ ಗೌರಸಮುದ್ರದ ಕಡೆಯವರಿಗೆ ಈ ವಿಚಾರ ಅಷ್ಟೇನೂ ಹೊಸದಲ್ಲ. ತಳವಾರ, ನೀರಗಂಟಿ ಅಂದರೆ ಕೆಲಸದ ಹೆಸರು. ಆಳು ಬದಲಾದರೂ ಕೆಲಸ ಹಾಗೇ ಇರುತ್ತೆ. ಒಂದೇ ವ್ಯತ್ಯಾಸ: ಹಳ್ಳಿಯಲ್ಲಿ ಅದು ಅಪ್ಪನಿಂದ ಮಗನಿಗೆ ಬರ್ತಿತ್ತು, ಸಾಫ್ಟ್‌ವೇರಲ್ಲಿ ಹಾಗೆ ಬರಬಾರದು.

ಇದು ಬರೀ ಕಂಪನಿಗಳ ತಲೆನೋವು ಅಂದ್ಕೋಬೇಡಿ. ನಿಮ್ಮ ಮನೆಯ ಪಹಣಿಯನ್ನೇ ನೋಡಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ದಾಖಲೆಗಳನ್ನು 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಕಂಪ್ಯೂಟರಿಗೆ ತಂತು. ಆಗ ಅಲ್ಲಿ ಮ್ಯುಟೇಶನ್ ಒಬ್ಬರ ಕೈಯಲ್ಲೇ ಮುಗಿಯೋ ಹಾಗಿರಲಿಲ್ಲ. ಅರ್ಜಿ ತಾಲ್ಲೂಕು ಕೇಂದ್ರದಲ್ಲಿ ದಾಖಲಾಗಬೇಕಿತ್ತು, ಗ್ರಾಮ ಲೆಕ್ಕಿಗರು ನೋಟಿಸ್ ಕೊಡಬೇಕಿತ್ತು, ಆಕ್ಷೇಪಣೆಗೆ ಸಮಯ ಬಿಡಬೇಕಿತ್ತು, ಕಂದಾಯ ನಿರೀಕ್ಷಕರು ಆದೇಶ ಮಾಡಬೇಕಿತ್ತು. ಸಿಬ್ಬಂದಿ ಲಾಗಿನ್ ಆಗೋಕೆ ಬೆರಳಚ್ಚು ಇಟ್ಟರು, ಯಾರು ಏನು ಮಾಡಿದರು ಅನ್ನೋದು ಉಳಿಯಲಿ ಅಂತ. ಈ ಹಂತಗಳೆಲ್ಲ ಒಬ್ಬರದೇ ಲಾಗಿನ್‌ಗೆ ಸಿಕ್ಕರೆ? ಅಜ್ಜ ಬೆವರು ಸುರಿಸಿದ ನಾಲ್ಕು ಎಕರೆ ಯಾರ ಹೆಸರಿಗೆ ಬೇಕಾದರೂ ಹೋಗಬಹುದು.

ಗುಂಪು ಮಾಡಿದ ಮಾತ್ರಕ್ಕೆ ಎಲ್ಲಾ ಸರಿಹೋಗಲ್ಲ ಅನ್ನೋದೂ ನಿಜ. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರೆ ಯಾವ ಗುಂಪೂ ಕಾಯಲ್ಲ. ಒಬ್ಬೊಬ್ಬರಿಗೂ ಒಂದೊಂದು ಗುಂಪು ಮಾಡುತ್ತಾ ಹೋದರೆ ಮತ್ತೆ ಹಳೇ ಗೋಜಲೇ.

ಹಾಗಾಗಿ ಮೂರು ಮಾತು ನೆನಪಿಡಿ. ಗುಂಪಿಗೆ ಆಳಿನ ಹೆಸರು ಬೇಡ, ಕೆಲಸದ ಹೆಸರಿಡಿ. ಬರೆಯುವವರು, ಒಪ್ಪುವವರು ಬೇರೆ ಬೇರೆ ಇರಲಿ. ಟೀಮ್ ಬದಲಾಯಿಸಿದವರನ್ನು ಹೊಸ ಗುಂಪಿಗೆ ಸೇರಿಸುವ ದಿನವೇ ಹಳೆಯದರಿಂದ ತೆಗೆಯಿರಿ.

ನಾಳೆ ಆಫೀಸಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ: ‘ನನಗೆ ಬೇಡದ ಅನುಮತಿ ಯಾವುದಾದರೂ ನನ್ನ ಹತ್ರ ಉಳಿದಿದೆಯಾ?’ ನಾಳೆ ಏನಾದರೂ ಎಡವಟ್ಟಾದರೆ ಅನುಮಾನ ನಿಮ್ಮ ಮೇಲೆ ಬರದಿರಲಿ ಅಂತಲಾದರೂ ಕೇಳಿ.