ಜೂನ್ ಫೋಟೊ ಸಾಕು, ಮೇ ತಿಂಗಳ ಲೆಕ್ಕ ಕೊಡಿ

ಜೂನ್ 5 ಬಂತೆಂದರೆ ನನ್ನ ವಾಟ್ಸಾಪ್ ತುಂಬ ಒಂದೇ ಫೋಟೊ. ಒಂದು ಸಸಿ, ಅದನ್ನು ಹಿಡಿದ ಹತ್ತು ಕೈ. ಸುದ್ದಿ ಮಾಡಿ ಕಳಿಸುವುದು ನನ್ನ ಕೆಲಸ, ಕಳಿಸುತ್ತೇನೆ. ಕಳೆದ ಮೇ ತಿಂಗಳಲ್ಲಿ ಯಲಹಂಕದಾಚೆಯ ಒಂದು ಊರಿಗೆ ಹೋಗಿ ಅದೇ ಗುಂಡಿಗಳನ್ನು ನೋಡಿದೆ. ಗುಂಡಿಗಳಿದ್ದವು, ಸಸಿಗಳಿರಲಿಲ್ಲ. ಕೆಲವನ್ನು ಆಡು ತಿಂದಿದ್ದವು, ಉಳಿದವು ಬಿಸಿಲಿಗೆ ಒಣಗಿದ್ದವು.

ಅದು ಆ ಊರಿನ ಗುಂಡುತೋಪು. ನಮ್ಮ ಕಡೆ ಬಹಳಷ್ಟು ಊರುಗಳಿಗೆ ಇಂಥ ತೋಪು ಇತ್ತು. ಮಾವು, ಹುಣಸೆ, ನೇರಳೆ, ಹೊಂಗೆ, ಆಲ. ದನಕ್ಕೆ ನೆರಳು, ಜಾತ್ರೆಗೆ ಜಾಗ. ಹಣ್ಣನ್ನು ಹರಾಜು ಹಾಕಿದರೆ ಊರಿಗೆ ನಾಲ್ಕು ಕಾಸು. ಫಸಲು ಹಿಡಿದವನೇ ಕಾವಲು ಕಾಯುತ್ತಿದ್ದ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು ನೋಡಿ. ಸುಮಾರು 54 ಎಕರೆ, ತಲೆಮಾರುಗಳಿಂದ ನಿಂತ ಮರಗಳು. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು.

ಮತ್ತೆ ನಮ್ಮ ಹೊಲ, ಗೋಮಾಳಗಳಲ್ಲಿ ನೀಲಗಿರಿ ಹೇಗೆ ಗೆದ್ದಿತು? ಆಡು, ದನ ಅದನ್ನು ಮುಟ್ಟುವುದಿಲ್ಲ, ಕಾಯುವ ಕೆಲಸವಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನಾವು ಒಪ್ಪಿದ್ದು ಮರವನ್ನಲ್ಲ, ಆರೈಕೆ ಬೇಡ ಅನ್ನುವ ಸೌಕರ್ಯವನ್ನು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಲ್ಲಿಸಿತು. ಆದರೆ ಹುಣಸೆ, ನೇರಳೆ ಹಾಕಿ ನೀಲಗಿರಿಯಂತೆ ಬಿಟ್ಟುಬಂದರೆ ಬದುಕುತ್ತವೆಯೇ?

ಆದ್ದರಿಂದ ನನ್ನ ಮಾತು ಇಷ್ಟೇ: ಐನೂರು ನೆಡಬೇಡಿ, ಐವತ್ತು ನೆಡಿ, ಮೂರು ಬೇಸಿಗೆ ಕಾಯಿರಿ.

ಗುಂಡಿಯನ್ನು ಮಳೆಗೆ ಮೊದಲೇ ತೆಗೆಯಿರಿ, ಎರಡಡಿ ಅಗಲ, ಎರಡಡಿ ಆಳ. ಹದ ಮಳೆ ಬಿದ್ದ ಮೇಲೆ ನೆಡಿ. ಮಾವು, ಹುಣಸೆಗೆ ಮೂವತ್ತು ಅಡಿ ಅಂತರ ಬಿಡಿ. ಸುತ್ತ ಜಾಲಿಮುಳ್ಳು ಕಟ್ಟಿ. ಮಳೆ ನಿಲ್ಲುವ ಹೊತ್ತಿಗೆ ಪಾತಿ ಮಾಡಿ, ಒಣ ಎಲೆ ಹೊದಿಸಿ. ಸಂಕ್ರಾಂತಿ ಕಳೆದ ಮೇಲೆ ಸುತ್ತಲಿನ ಒಣಹುಲ್ಲು ಕೊಯ್ದುಬಿಡಿ, ಒಂದು ಬೀಡಿ ತುಂಡು ಸಾಕು ಎಲ್ಲ ಸುಡಲು. ಯುಗಾದಿ ಆಸುಪಾಸು ವಾರಕ್ಕೊಮ್ಮೆ ಒಂದೊಂದು ಬಿಂದಿಗೆ ನೀರು ಹಾಕಿ.

ನೀರು ಹಾಕುವವರಿಗೆ ಕೂಲಿ ಎಲ್ಲಿಂದ ಅಂತೀರಾ? ಅದಕ್ಕೊಂದು ದಾರಿ ಅರಣ್ಯ ಇಲಾಖೆಯಲ್ಲೇ ಇದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರ ಸ್ವಂತ ಜಮೀನಿನಲ್ಲಿ ನೆಟ್ಟ ಸಸಿಗೆ ಮೂರು ವರ್ಷ ಹಣ ಬರುತ್ತದೆ. ಅದೂ ನೆಟ್ಟಿದ್ದಕ್ಕಲ್ಲ, ಎಣಿಸಿದಾಗ ಬದುಕಿದ್ದಕ್ಕೆ. ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಇದೇ ಲೆಕ್ಕವನ್ನು ಪಂಚಾಯಿತಿಗಳು ತೋಪಿಗೂ ತರಲಿ. ಊರಿನ ಒಂದು ಮಹಿಳಾ ಸಂಘಕ್ಕೆ ವಹಿಸಲಿ, ಪ್ರತಿ ಮೇ ತಿಂಗಳು ಗ್ರಾಮಸಭೆಯ ಮುಂದೆ ಎಣಿಸಿ ಹಣ ಕೊಡಲಿ.

ಸಸಿ ಸತ್ತರೆ ಇನ್ನೊಂದು ಹಾಕಿದರಾಯಿತು ಅನ್ನಬೇಡಿ. ನಮ್ಮ ಕಡೆ ಗುಂಟೆಗೆ ಏನು ಬೆಲೆ ಅಂತ ನಿಮಗೇ ಗೊತ್ತು. ಮರವಿಲ್ಲದ ತೋಪು ನೋಡುವವರ ಕಣ್ಣಿಗೆ ಖಾಲಿ ಸೈಟು. ಮೊದಲು ಕಸ ಬೀಳುತ್ತದೆ, ಆಮೇಲೆ ಶೆಡ್ಡು, ಆಮೇಲೆ ಕಾಂಪೌಂಡು. ಪಹಣಿಯಲ್ಲಿ ಗುಂಡುತೋಪು ಅಂತ ಇದ್ದರೂ ನೆಲದ ಮೇಲೆ ಅದಕ್ಕೆ ಸಾಕ್ಷಿ ಹೇಳುವುದು ಮರವೇ.

ಈ ವರ್ಷವೂ ಫೋಟೊ ಕಳಿಸಿ, ಸುದ್ದಿ ಮಾಡುತ್ತೇನೆ. ಆದರೆ ಮುಂದಿನ ಮೇ ತಿಂಗಳು ಅದೇ ಸಸಿಯ ಪಕ್ಕ ನಿಂತು ಇನ್ನೊಂದು ಕಳಿಸಿ. ಅದನ್ನು ಇನ್ನೂ ದೊಡ್ಡದಾಗಿ ಹಾಕೋಣ.