ಹೂರಣ ಕಾಣದ ದೋಣಿ

ದೋಣಿ ಕಟ್ಟಿಸುವವರು ಗಂಡಸರು. ದಿನಕ್ಕೆರಡು ಸಲ ಅದರಲ್ಲಿ ಕುಳಿತು ಹೊಳೆ ದಾಟುವವರು ಹೆಚ್ಚಾಗಿ ಹೆಂಗಸರು, ಮಕ್ಕಳು. ಆದರೂ ಅದು ಯಾವುದರಿಂದ ಆಗಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ. ಬಂಟ್ವಾಳದ ಕಡೆಯ ನಮ್ಮ ಕಡವಿಗೆ ಏಳೆಂಟು ಜನ ಹಿಡಿಸುವ ಹೊಸ ದೋಣಿ ಮಾಡಿಸುವಾಗಲೂ ಹಾಗೆಯೇ ಆಯಿತು. ನಡುವೆ ಫೋಮ್ ತುಂಬಿದ ಫೈಬರ್ ದೋಣಿಯೇ ಬೇಕೆಂದು ಸಭೆ ಹೇಳಿತು. ನಾನು ಪ್ಲೈವುಡ್ ಎಂದೆ. "ಮರದ ಕಾಲ ಮುಗಿಯಿತಲ್ಲ ಅಕ್ಕಾ" ಎಂದು ಮಹನೀಯರೊಬ್ಬರು ನಕ್ಕರು.

ಮುಗಿದಿಲ್ಲ ಎಂಬುದು ನನ್ನ ವಾದ.

ಫೋಮಿನ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆ ದೋಣಿ ನಮ್ಮ ಹೋಳಿಗೆಯ ಹಾಗೆ. ಹೊರಗೆ ಒಳಗೆ ಫೈಬರಿನ ತೆಳುವಾದ ಕಣಕ, ನಡುವೆ ಫೋಮಿನ ಹೂರಣ. ಹಗುರ, ಆದರೂ ಬಿಗಿ, ಮಗುಚಿದರೂ ತೇಲುತ್ತದೆ. ಆದರೆ ಅದರ ಬಲವೆಲ್ಲ ಕಣಕ ಮತ್ತು ಹೂರಣ ಒಂದಕ್ಕೊಂದು ಅಂಟಿಕೊಂಡಿರುವುದರಲ್ಲಿದೆ. ಕಲ್ಲಿಗೆ ತಾಗಿ ಒಂದು ಕಡೆ ಅಂಟು ಬಿಟ್ಟಿತೋ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ, ಒಳಗೆ ನೀರು ಹರಿದಾಡುತ್ತಿರುತ್ತದೆ. ಹಳಸಿದ ಹೂರಣ ಹೋಳಿಗೆ ಮುರಿದಾಗಲೇ ತಿಳಿಯುವುದು.

ನಮ್ಮ ಹೊಳೆಗಳಲ್ಲಿ ಕಲ್ಲಿಗೇನು ಬರವೇ? ಬೇಸಿಗೆಯಲ್ಲಿ ನೇತ್ರಾವತಿಯೂ ವೇಣೂರಿನ ಫಲ್ಗುಣಿಯೂ ಬಂಡೆಗಳನ್ನು ತೋರಿಸಿಕೊಂಡೇ ಹರಿಯುತ್ತವೆ. ಮಳೆಗಾಲದ ಕತೆ ಇನ್ನೊಂದು. ಬಂಟ್ವಾಳದ ಹಿರಿಯರು 1923 ಮತ್ತು 1974ರ ನೆರೆಗಳನ್ನು ಇಸವಿ ಹಿಡಿದೇ ಹೇಳುತ್ತಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ ಭಾಗದಲ್ಲಿ ಇಡೀ ಮರಗಳೇ ನೀರಿನಲ್ಲಿ ತೇಲಿ ಬಂದು ಸೇತುವೆಗಳಿಗೆ ಅಡ್ಡ ಬಿದ್ದವು. ಅಂಥ ನೆರೆಯಲ್ಲಿ ಯಾವ ದೋಣಿಯನ್ನೂ ಇಳಿಸಬಾರದು, ನಿಜ. ಆದರೆ ನೀರು ಇಳಿದ ಮೇಲೂ ದಿಮ್ಮಿಗಳು ಹೊಳೆಯಲ್ಲೇ ಇರುತ್ತವೆ, ತೆಳು ಚರ್ಮಕ್ಕೆ ಒಂದು ಮೊನೆ ಸಾಕು.

ಇನ್ನು ರಿಪೇರಿ. ಒದ್ದೆ ಮೈಗೆ ರೆಸಿನ್ ಸರಿಯಾಗಿ ಹಿಡಿಯುವುದಿಲ್ಲ. ಆಟಿಯ ಮಳೆಯಲ್ಲಿ ಫೋಮನ್ನು ಒಣಗಿಸುವುದೆಲ್ಲಿ? ಪ್ಲೈವುಡ್ಡಾದರೆ ಊರಿನ ಆಚಾರಿ ಕೆಟ್ಟ ಭಾಗವನ್ನು ಕತ್ತರಿಸಿ, ಒಳಗಿನಿಂದ ತುಂಡು ಕೊಟ್ಟು, ಸ್ಕ್ರೂ ಬಿಗಿದು ಕೊಡಬಲ್ಲ. ಬೀಡಿ ಕಟ್ಟುವ ಹೆಂಗಸಿಗೆ ಈ ವ್ಯತ್ಯಾಸ ಸಣ್ಣದಲ್ಲ. ದೋಣಿ ನಿಂತರೆ ಆ ವಾರದ ಬೀಡಿ ಡಿಪೋ ಸೇರುವುದಿಲ್ಲ, ಕೂಲಿಯೂ ಇಲ್ಲ.

ಮೋಸವನ್ನೂ ನೋಡಿ. ಫೋಮಿನ ಹೆಸರಿನಲ್ಲಿ ಥರ್ಮೊಕೋಲ್ ಹಾಕಿದರೆ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಅಡುಗೆಮನೆಯ ಕಪಾಟಿಗೆ ಹಾಕುವ ಪಿವಿಸಿ ಫೋಮ್ ಹಲಗೆ ಬೇರೆ, ದೋಣಿಯ ಫೋಮ್ ಬೇರೆ. ಮುಚ್ಚಿದ ಮೇಲೆ ಒಳಗೇನಿದೆಯೆಂದು ನೋಡಿದವರಾರು?

ಪ್ಲೈವುಡ್ ಕೆಡುವುದಿಲ್ಲವೇ? ಕೆಡುತ್ತದೆ. ಅಂಚಿನಲ್ಲಿ ನೀರು ಕುಡಿದರೆ ಪದರ ಬಿಡುತ್ತದೆ, ಕೊಳೆಯುತ್ತದೆ. ಅದಕ್ಕೇ ಅಂಚುಗಳಿಗೆಲ್ಲ ಎಪಾಕ್ಸಿ ಬಳಿಯಬೇಕು, ವರ್ಷಕ್ಕೊಮ್ಮೆ ದಡಕ್ಕೆಳೆದು ಕವುಚಿ ಹಾಕಿ ನೋಡಬೇಕು. ಮುಳುಗದಿರಲಿ ಎಂದಾದರೆ ಸೀಟಿನ ಕೆಳಗೆ ಬೇಕಾದಾಗ ತೆಗೆಯುವಂತೆ ಫೋಮಿನ ತುಂಡುಗಳನ್ನಿಡಿ; ಅಲ್ಲಿ ಅದಕ್ಕೆ ನನ್ನ ತಕರಾರಿಲ್ಲ. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳು ಶತಮಾನಗಳನ್ನು ಕಳೆದು ನಿಂತಿವೆ. ಅದು ಗಟ್ಟಿ ಮರ, ಪ್ಲೈವುಡ್ಡಲ್ಲ, ಒಪ್ಪಿದೆ. ಆದರೆ ನೀರು ಸೋಕದಂತೆ ಕಾದರೆ ಮರ ಬಾಳುತ್ತದೆ, ಸೋಕಿದರೆ ಕಣ್ಣಿಗೆ ಕಾಣುತ್ತದೆ ಎಂಬುದು ಎರಡಕ್ಕೂ ಒಂದೇ.

ಆಯ್ಕೆಯ ಪರೀಕ್ಷೆಯೂ ನಮ್ಮ ಕೈಯಲ್ಲೇ ಇದೆ. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದೆಯೇ ನೋಡಿ. ಮೆರೀನ್ ಪ್ಲೈವುಡ್ಡಿನ ಮಾನಕ ಅದು. 303 ಎಂದಿದ್ದರೆ ಅದು ಪೀಠೋಪಕರಣದ ಹಲಗೆ. ಮುದ್ರೆಯನ್ನೂ ನಂಬದಿದ್ದರೆ ಅಂಗೈಯಗಲದ ತುಂಡೊಂದನ್ನು ಹಳೆಯ ಪಾತ್ರೆಯಲ್ಲಿ ಹಾಕಿ, ಬೆಳಗಿನಿಂದ ಸಂಜೆವರೆಗೆ ಒಲೆಯ ಮೇಲೆ ಕುದಿಸಿ. ಪದರ ಬಿಟ್ಟರೆ ಅಂಗಡಿಗೆ ವಾಪಸು ಕಳಿಸಿ. ಫೋಮ್ ದೋಣಿಗೆ ಇಂಥ ಪರೀಕ್ಷೆಯನ್ನು ನಾವು ಮನೆಯಲ್ಲಿ ಮಾಡಲಾರೆವು.

ಆದ್ದರಿಂದ ಗೆಳತಿಯರೇ, ನಿಮ್ಮೂರಿನಲ್ಲಿ ದೋಣಿಯ ಮಾತು ಬಂದರೆ ಸಭೆಯ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬೇಡಿ. ಒಳಗೆ ಏನಿದೆ, ಕೆಟ್ಟರೆ ಕಾಣುತ್ತದೆಯೇ, ಯಾರು ಸರಿಮಾಡುತ್ತಾರೆ ಎಂಬ ಮೂರು ಪ್ರಶ್ನೆ ಕೇಳಿ. ಉತ್ತರ ಸಿಗುವವರೆಗೆ ಮಕ್ಕಳನ್ನು ಅದಕ್ಕೆ ಹತ್ತಿಸಬೇಡಿ.